ಒಬ್ಬರೇ ಹಾಯಿದೋಣಿಯಲ್ಲಿ ದೂರದ ಕಡಲಿಗೆ ಹೋದಾಗ ಬಿರುಗಾಳಿ, ಸಿಡಿಲು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಯಿದೋಣಿ ನಡೆಸುವುದನ್ನು ಕಲಿಯುತ್ತಿರುವ ಗೆಳೆಯರು ಕೇಳಿದ ಪ್ರಶ್ನೆಗಳಿವು. ಹೆಚ್ಚಿನವರಿಗೆ ಮುಂದೊಂದು ದಿನ ಒಬ್ಬರೇ ಕಡಲಿಗೆ ಇಳಿಯುವ ಆಸೆ ಇದೆ. ಉತ್ತರಗಳಲ್ಲಿ ಅರಬ್ಬೀ ಸಮುದ್ರ ಮತ್ತು ಹಿಂದೂ ಮಹಾಸಾಗರದ ಮಾತೇ ಜಾಸ್ತಿ, ಯಾಕೆಂದರೆ ನಮ್ಮ ದಡದಿಂದ ಹೊರಟವರು ಮೊದಲು ಸೇರುವುದು ಅಲ್ಲಿಗೇ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಗಂಟೆಗೆ ಒಂದು ನಾಟಿಕಲ್ ಮೈಲಿ ವೇಗಕ್ಕೆ ಒಂದು ನಾಟ್ ಅನ್ನುತ್ತಾರೆ.

ದೋಣಿಯಲ್ಲಿ ನಾಲ್ಕು ಜನ ಇದ್ದರೂ ಒಬ್ಬರೇ ಇದ್ದರೂ ಬಿರುಗಾಳಿ ಒಂದೇ ಅಲ್ವಾ?

ಗಾಳಿಗೆ ಏನೂ ವ್ಯತ್ಯಾಸವಿಲ್ಲ. ನಿಮಗೆ ತುಂಬಾ ಇದೆ. ನಾಲ್ಕು ಜನ ಇದ್ದರೆ ಒಬ್ಬರು ಚುಕ್ಕಾಣಿ ಹಿಡಿಯುತ್ತಾರೆ, ಒಬ್ಬರು ಹಾಯಿ ನೋಡಿಕೊಳ್ಳುತ್ತಾರೆ, ಒಬ್ಬರು ಗಂಜಿ ಬೇಯಿಸುತ್ತಾರೆ, ಒಬ್ಬರು ಮಲಗುತ್ತಾರೆ. ಒಬ್ಬರೇ ಇದ್ದರೆ ಈ ನಾಲ್ಕೂ ನೀವೇ. ಬಿರುಗಾಳಿ ಹತ್ತಿಪ್ಪತ್ತು ಗಂಟೆ ಬಿಡದೆ ಬೀಸಬಹುದು. ಹದಿನೈದನೇ ಗಂಟೆಯ ಹೊತ್ತಿಗೆ ದೋಣಿ ಗಟ್ಟಿಯಾಗಿಯೇ ಇರುತ್ತದೆ, ಸೋತಿರುವುದು ನೀವು. ಸುಸ್ತಾದವರು ಗಂಟು ತಪ್ಪಾಗಿ ಹಾಕುತ್ತಾರೆ, ತಮ್ಮನ್ನು ದೋಣಿಗೆ ಬಿಗಿದಿಡುವ ಸೊಂಟದ ಕೊಕ್ಕೆ ಹಾಕುವುದನ್ನು ಮರೆಯುತ್ತಾರೆ, ಇಲ್ಲದ ಹಡಗಿನ ದೀಪ ಕಂಡಂತೆ ಅಂದುಕೊಳ್ಳುತ್ತಾರೆ.

ಆದ್ದರಿಂದ ಒಬ್ಬರೇ ಹೋಗುವವರು ಪ್ರತಿಯೊಂದು ಕೆಲಸವನ್ನೂ ಒಂದು ಹೆಜ್ಜೆ ಮೊದಲೇ ಮಾಡಿಕೊಳ್ಳಬೇಕು. ಮುಂದಿನ ಉತ್ತರಗಳಲ್ಲೆಲ್ಲ ಈ ಮಾತೇ ಮತ್ತೆ ಮತ್ತೆ ಬರುತ್ತದೆ.

ಬಿರುಗಾಳಿ ಬರುತ್ತಿದೆ ಅಂತ ಎಷ್ಟು ಮೊದಲು ಗೊತ್ತಾಗುತ್ತದೆ?

ಈಗ ಉಪಗ್ರಹದ ಮೂಲಕ ಮುನ್ಸೂಚನೆ ದೋಣಿಗೇ ಬರುತ್ತದೆ. ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳ ಎಚ್ಚರಿಕೆ ಕೊಡುವುದು ದೆಹಲಿಯಲ್ಲಿರುವ ಭಾರತೀಯ ಹವಾಮಾನ ಇಲಾಖೆ. ಅಲೆಗಳ ಮುನ್ಸೂಚನೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನಿಂದ ಬರುತ್ತದೆ. ದಿನಕ್ಕೆ ಎರಡು ಸಲ ನೋಡಿ, ನೋಡಿದ್ದನ್ನು ಕಾಗದದ ಮೇಲೆ ಬರೆದಿಡಿ.

ಆದರೂ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಬಿಡಬೇಡಿ. ಅದಕ್ಕೆ ಸಿಗ್ನಲ್ ಬೇಡ. ಪ್ರತಿ ಗಂಟೆ ಓದಿ ಬರೆಯಿರಿ. ಮೂರು ಗಂಟೆಯಲ್ಲಿ ಒತ್ತಡ 6 ಹೆಕ್ಟೋಪಾಸ್ಕಲ್‌ಗಿಂತ ಜಾಸ್ತಿ ಇಳಿದರೆ ಕೂರುವ ಹೊತ್ತಲ್ಲ, ತಯಾರಿ ಆ ಕ್ಷಣವೇ ಶುರುವಾಗಬೇಕು. ನಮ್ಮ ಕಡಲಿನಲ್ಲಿ ಇನ್ನೊಂದು ವಿಷಯ ನೆನಪಿಡಿ. ಸಾಮಾನ್ಯ ದಿನಗಳಲ್ಲೂ ಒತ್ತಡ ದಿನಕ್ಕೆರಡು ಸಲ ಸ್ವಲ್ಪ ಏರಿಳಿಯುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಜಾಸ್ತಿ, ಸಂಜೆ ನಾಲ್ಕರ ಹೊತ್ತಿಗೆ ಕಡಿಮೆ. ಈ ತಾಳ ತಪ್ಪಿ, ಏರಬೇಕಾದ ಹೊತ್ತಿನಲ್ಲೂ ಇಳಿಯುತ್ತಿದ್ದರೆ ದೂರದಲ್ಲಿ ಏನೋ ಬೆಳೆಯುತ್ತಿದೆ ಅಂತ ಅರ್ಥ. ಗಾಳಿಯೇ ಇಲ್ಲದ ದಿನ ದೂರದಿಂದ ಉದ್ದುದ್ದ ತೆರೆಗಳು ನಿಧಾನಕ್ಕೆ ಉರುಳಿ ಬಂದರೂ ಅದೇ ಅರ್ಥ. ಚಂಡಮಾರುತದ ತೆರೆ ಅದಕ್ಕಿಂತ ಮೊದಲೇ ಬಂದು ಮುಟ್ಟುತ್ತದೆ.

ಯಾವ ತಿಂಗಳು ಹೋಗಬಾರದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇದೆ. ಅದು ಮೀನಿನ ಸಂತಾನ ಉಳಿಯಲಿ ಅಂತ ಮಾಡಿದ್ದು, ಆದರೆ ಆ ಕಡಲನ್ನು ನೋಡಿದವರಿಗೆ ಇನ್ನೊಂದು ಕಾರಣ ಹೇಳಬೇಕಾಗಿಲ್ಲ. ಚಂಡಮಾರುತಗಳ ಕಾಲ ಎರಡು: ಏಪ್ರಿಲ್‌ನಿಂದ ಜೂನ್, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. 2017ರ ನವೆಂಬರ್ ಕೊನೆಯಲ್ಲಿ ಓಖಿ ಬಂದಾಗ ಅದು ತೀರಾ ಬೇಗ ಬಲಗೊಂಡಿತು. ಅಷ್ಟರಲ್ಲಿ ಆಳಕಡಲಿಗೆ ಹೋಗಿಬಿಟ್ಟಿದ್ದ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ವಾಪಸ್ ಬರಲಿಲ್ಲ. 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಯ ಹೊರಗಿನಿಂದಲೇ ಹಾದು ಗುಜರಾತ್ ಸೇರಿತು. ಹೊರಗಿನಿಂದ ಹಾದರೂ ಉಡುಪಿ, ಮಂಗಳೂರು ಕಡೆಯ ದಡ ಕೊಚ್ಚಿಹೋಯಿತು.

ಒಬ್ಬರೇ ದೂರ ಹೋಗುವುದಾದರೆ ಜನವರಿಯಿಂದ ಮಾರ್ಚ್ ನನ್ನ ಆಯ್ಕೆ.

ಬಿರುಗಾಳಿ ಬರುವ ಮೊದಲು ಹತ್ತಿರದ ಬಂದರಿಗೆ ಓಡಿಬಿಟ್ಟರೆ?

ಗಾಳಿ ಏಳುವುದಕ್ಕೆ ಕೆಲವು ಗಂಟೆ ಮೊದಲೇ, ಬೆಳಕಿರುವಾಗಲೇ ಒಳಗೆ ಸೇರುವ ಖಾತ್ರಿ ಇದ್ದರೆ ಓಡಿ. ಇಲ್ಲದಿದ್ದರೆ ಬೇಡ. ಇದು ಹೊಸಬರಿಗೆ ಅರಗಿಸಿಕೊಳ್ಳಲು ಕಷ್ಟವಾಗುವ ಮಾತು. ದಡ ಕಂಡರೆ ಜೀವ ಬಂತು ಅನ್ನಿಸುತ್ತದೆ. ಆದರೆ ಬಿರುಗಾಳಿಯಲ್ಲಿ ದೋಣಿಗೆ ಆಳನೀರು ವಾಸಿ. ನಮ್ಮ ಕರಾವಳಿಯ ಎಷ್ಟೋ ಬಂದರುಗಳು ನದಿಯ ಬಾಯಲ್ಲಿವೆ. ಗಂಗೊಳ್ಳಿ, ಹೊನ್ನಾವರ, ಮಂಗಳೂರಿನ ಹಳೆ ಬಂದರು ಎಲ್ಲವೂ ಹಾಗೆಯೇ. ಅಳಿವೆಯಲ್ಲಿ ಮರಳಿನ ದಿಬ್ಬ ಇರುತ್ತದೆ. ದೊಡ್ಡ ತೆರೆ ಅಲ್ಲಿಗೆ ಬಂದಾಗ ಕಾಲು ತಾಗಿದಂತೆ ಎಡವಿ, ಎದ್ದು, ಒಡೆಯುತ್ತದೆ. ಹೊರಗೆ ಸುಮ್ನೆ ಏರಿ ಇಳಿದುಹೋಗುತ್ತಿದ್ದ ಅದೇ ತೆರೆ ಅಳಿವೆ ಬಾಗಿಲಲ್ಲಿ ದೋಣಿಯನ್ನು ಮಗುಚುತ್ತದೆ. ಹುಟ್ಟಿದಾಗಿನಿಂದ ಅದೇ ಅಳಿವೆ ದಾಟಿದ ಮೀನುಗಾರರೇ ಅಲ್ಲಿ ದೋಣಿ ಕಳೆದುಕೊಂಡಿದ್ದಾರೆ.

ಚಂಡಮಾರುತ ಎದುರಿಗೇ ಬಂದರೆ ಯಾವ ಕಡೆ ತಪ್ಪಿಸಿಕೊಳ್ಳಬೇಕು?

ಮೊದಲು ಕೇಂದ್ರ ಎಲ್ಲಿದೆ ಅಂತ ತಿಳಿಯಬೇಕು. ಭೂಮಧ್ಯರೇಖೆಯ ಉತ್ತರಕ್ಕೆ ಇದ್ದರೆ ಗಾಳಿಗೆ ಬೆನ್ನು ಕೊಟ್ಟು ನಿಂತು ಎಡಗೈ ಚಾಚಿ. ಕೇಂದ್ರ ಆ ಕಡೆ, ಸ್ವಲ್ಪ ಮುಂದಕ್ಕೆ ಇರುತ್ತದೆ. ದಕ್ಷಿಣಾರ್ಧದಲ್ಲಿ ಇದು ಬಲಗೈ.

ಉತ್ತರಾರ್ಧದಲ್ಲಿ ಚಂಡಮಾರುತ ಸಾಗುವ ದಾರಿಯ ಬಲಭಾಗ ಹೆಚ್ಚು ಅಪಾಯದ್ದು. ಅಲ್ಲಿ ಸುತ್ತುವ ಗಾಳಿಗೆ ಮುಂದೆ ಸಾಗುವ ವೇಗವೂ ಸೇರಿಕೊಳ್ಳುತ್ತದೆ. ಸಾಲದ್ದಕ್ಕೆ ಅದು ನಿಮ್ಮನ್ನು ಚಂಡಮಾರುತದ ದಾರಿಗೇ ತಳ್ಳುತ್ತದೆ. ನೀವು ಯಾವ ಭಾಗದಲ್ಲಿದ್ದೀರಿ ಅನ್ನುವುದನ್ನು ಗಾಳಿಯೇ ಹೇಳುತ್ತದೆ. ದೋಣಿ ಬಹುಮಟ್ಟಿಗೆ ನಿಂತಿರುವಾಗ ಗಾಳಿಯ ದಿಕ್ಕು ಗಡಿಯಾರದ ಮುಳ್ಳಿನಂತೆ ತಿರುಗುತ್ತಿದ್ದರೆ ಬಲಭಾಗ. ಆಗ ಗಾಳಿ ದೋಣಿಯ ಮೂತಿಯ ಬಲಗಡೆಯಿಂದ ಬರುವ ಹಾಗೆ ಹಿಡಿದು ಕೇಂದ್ರದಿಂದ ದೂರ ಹೋಗಬೇಕು. ಮುಳ್ಳಿಗೆ ಎದುರಾಗಿ ತಿರುಗುತ್ತಿದ್ದರೆ ಎಡಭಾಗ. ಆಗ ಗಾಳಿಯನ್ನು ಹಿಂಬದಿಯ ಬಲಮೂಲೆಯಿಂದ ತೆಗೆದುಕೊಂಡು ಓಡಬೇಕು. ದಿಕ್ಕು ಬದಲಾಗದೆ ಒತ್ತಡ ಮಾತ್ರ ಇಳಿಯುತ್ತಿದ್ದರೆ ನೀವು ದಾರಿಯಲ್ಲೇ ನಿಂತಿದ್ದೀರಿ. ಆಗಲೂ ಎಡಭಾಗಕ್ಕೆ ಓಡುವುದೇ ಸರಿ.

ಮುನ್ಸೂಚನೆಯ ಗೆರೆಯನ್ನು ಗೆರೆ ಅಂತ ನಂಬಬೇಡಿ. ನಾವಿಕರು ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ: ಒಂದು ದಿನದ ಮುನ್ಸೂಚನೆಗೆ 100 ನಾಟಿಕಲ್ ಮೈಲಿ, ಎರಡು ದಿನದ್ದಕ್ಕೆ 200, ಮೂರು ದಿನದ್ದಕ್ಕೆ 300 ತಪ್ಪಬಹುದು. 34 ನಾಟ್ ಗಾಳಿ ಎಲ್ಲಿಯವರೆಗೆ ಬೀಸುತ್ತದೋ ಆ ವೃತ್ತಕ್ಕೆ ಇದನ್ನು ಕೂಡಿಸಿ, ಅದರ ಹೊರಗಿರಬೇಕು. ಸಣ್ಣ ಹಾಯಿದೋಣಿ ದಿನಕ್ಕೆ 100ರಿಂದ 150 ಮೈಲಿ ಹೋದರೆ ಹೆಚ್ಚು. ಮೂರು ದಿನ ಮೊದಲೇ ತೀರ್ಮಾನ ಯಾಕೆ ಬೇಕು ಅಂತ ಇದರಲ್ಲೇ ಗೊತ್ತಾಗುತ್ತದೆ.

ಹಾಯಿ ಯಾವಾಗ ಚಿಕ್ಕದು ಮಾಡಬೇಕು?

ಮಾಡಬೇಕಾ ಅನ್ನುವ ಯೋಚನೆ ಮೊದಲ ಸಲ ಬಂದಾಗ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. 20 ನಾಟ್‌ನಲ್ಲಿ ಐದು ನಿಮಿಷದ ಕೆಲಸ 40 ನಾಟ್‌ನಲ್ಲಿ ಅರ್ಧ ಗಂಟೆ ಹಿಡಿಯಬಹುದು, ಕೈಯ ಚರ್ಮವನ್ನೂ ಕೀಳಬಹುದು.

ಒಂದು ಅಕ್ಟೋಬರ್ ಸಂಜೆ ಗೋವಾದಿಂದ ಕಾರವಾರದ ಕಡೆ ಬರುವಾಗ ನಾನು ತಡ ಮಾಡಿದೆ. ಘಟ್ಟದ ಮೇಲೆ ಮೋಡ ಕಟ್ಟಿತ್ತು. ಚಹಾ ಮುಗಿಸಿ ಎದ್ದರಾಯಿತು ಅಂದುಕೊಂಡೆ. ತಣ್ಣನೆಯ ಗಾಳಿ ಒಮ್ಮೆಲೇ ಬಂದು ದೋಣಿಯನ್ನು ಮಗ್ಗುಲಿಗೆ ಒರಗಿಸಿತು. ಹಾಯಿ ಇಳಿಸುವಷ್ಟರಲ್ಲಿ ಅದು ಅಂಚಿನುದ್ದಕ್ಕೂ ಹರಿದಿತ್ತು. ಅಂದಿನಿಂದ ರಾತ್ರಿ ಮಲಗುವ ಮೊದಲು, ಆಕಾಶ ಹೇಗೇ ಇರಲಿ, ಹಾಯಿಯನ್ನು ಒಂದು ಮಡಿಕೆ ಚಿಕ್ಕದು ಮಾಡಿಯೇ ಮಲಗುತ್ತೇನೆ. ಅರ್ಧ ನಾಟ್ ವೇಗ ಹೋಗುತ್ತದೆ, ಹೋಗಲಿ.

ಹಾಯಿ ಮಡಚುವ ಹಗ್ಗಗಳೆಲ್ಲ ಕಾಕ್‌ಪಿಟ್‌ಗೇ, ಅಂದರೆ ನೀವು ಕೂತು ದೋಣಿ ನಡೆಸುವ ಜಾಗಕ್ಕೇ ಬರುವ ಹಾಗೆ ಮಾಡಿಕೊಳ್ಳಿ. ಕಂಬದ ಬುಡಕ್ಕೆ ಹೋಗಲೇಬೇಕಾದರೆ ಮೈಗೆ ಕಟ್ಟಿಕೊಳ್ಳುವ ಪಟ್ಟಿಯ (ಹಾರ್ನೆಸ್) ಕೊಕ್ಕೆಯನ್ನು ಕ್ಯಾಬಿನ್‌ನ ಒಳಗಿಂದಲೇ ಹಾಕಿಕೊಂಡು ಹೊರಗೆ ಬನ್ನಿ. ಒಬ್ಬರೇ ಇದ್ದಾಗ ನೀರಿಗೆ ಬಿದ್ದರೆ ದೋಣಿ ತನ್ನ ಪಾಡಿಗೆ ಹೋಗುತ್ತಲೇ ಇರುತ್ತದೆ. ತಿರುಗಿಸಿಕೊಂಡು ಬರಲು ಯಾರೂ ಇರುವುದಿಲ್ಲ.

ನಿಜವಾದ ಬಿರುಗಾಳಿಯೊಳಗೆ ಸಿಕ್ಕಿಬಿದ್ದರೆ ದೋಣಿಯನ್ನು ಏನು ಮಾಡಬೇಕು?

ಎಲ್ಲರೂ ಗಾಳಿಗೆ ಹೆದರುತ್ತಾರೆ. ದೋಣಿಯನ್ನು ಮಗುಚುವುದು ಗಾಳಿಯಲ್ಲ, ಒಡೆಯುವ ತೆರೆ. ಹತ್ತು ಮೀಟರ್ ಎತ್ತರದ್ದಾದರೂ ಉದ್ದಕ್ಕೆ, ಇಳಿಜಾರಾಗಿ ಬರುವ ತೆರೆ ದೋಣಿಯನ್ನು ಎತ್ತಿ ಇಳಿಸುತ್ತದೆ ಅಷ್ಟೇ. ತಲೆ ಒಡೆದು ಬಿಳಿಯಾಗಿ ಕುಸಿಯುವ ತೆರೆ ಹಾಗಲ್ಲ. ಬ್ರಿಟನ್ನಿನಲ್ಲಿ ತೊಟ್ಟಿಯಲ್ಲಿ ಮಾದರಿ ದೋಣಿಗಳನ್ನಿಟ್ಟು ಮಾಡಿದ ಪರೀಕ್ಷೆಗಳಿಂದ ಒಂದು ಅಳತೆ ಸಿಕ್ಕಿದೆ. ಒಡೆಯುವ ತೆರೆಯ ಎತ್ತರ ದೋಣಿಯ ಉದ್ದದ ಶೇಕಡಾ 30ರಷ್ಟಿದ್ದು ಮಗ್ಗುಲಿಗೆ ಬಡಿದರೆ ದೋಣಿ ಮಗುಚಬಹುದು. ಶೇಕಡಾ 60ರಷ್ಟಿದ್ದರೆ ಯಾವ ದೋಣಿಯೂ ಉಳಿಯುವುದಿಲ್ಲ, ಉರುಳುತ್ತದೆ. ಅಂದರೆ ಹತ್ತು ಮೀಟರ್ ದೋಣಿಗೆ ಮೂರು ಮೀಟರ್ ಸಾಕು. ಹಾಯಿ ಎಲ್ಲ ಇಳಿಸಿ, ಬಾಗಿಲು ಹಾಕಿಕೊಂಡು, ದೋಣಿಯನ್ನು ಅದರ ಪಾಡಿಗೆ ಬಿಟ್ಟರೆ ಅದು ಸಹಜವಾಗಿ ಮಗ್ಗುಲನ್ನೇ ತೆರೆಗೆ ಒಡ್ಡಿ ನಿಲ್ಲುತ್ತದೆ. ಹಾಗಾಗಿ ಸುಮ್ನೆ ಬಿಡುವುದು ಕೆಟ್ಟ ಉಪಾಯ.

ಮೊದಲ ಉಪಾಯ ಹೀವ್ ಟು. ಮುಂದಿನ ಚಿಕ್ಕ ಹಾಯಿಯನ್ನು ಉಲ್ಟಾ ಕಡೆಗೆ ಬಿಗಿದು, ದೊಡ್ಡ ಹಾಯಿಯನ್ನು ಆದಷ್ಟು ಮಡಚಿ, ಮೂತಿ ಗಾಳಿಯ ಕಡೆ ತಿರುಗುವ ಹಾಗೆ ಚುಕ್ಕಾಣಿ ಕಟ್ಟಿಬಿಡುವುದು. ಒಂದು ಹಾಯಿ ಹಿಂದೆ ದೂಡುತ್ತದೆ, ಇನ್ನೊಂದು ಮುಂದೆ. ದೋಣಿ ಗಾಳಿಗೆ ಓರೆಯಾಗಿ ಸಮಾಧಾನದಿಂದ ನಿಂತು, ಗಂಟೆಗೆ ಒಂದೆರಡು ಮೈಲಿ ಪಕ್ಕಕ್ಕೆ ಜಾರುತ್ತದೆ. ಜಾರಿದ ಜಾಗದ ನೀರು ಸ್ವಲ್ಪ ನುಣುಪಾಗಿ, ಬರುವ ತೆರೆಯ ಸಿಟ್ಟನ್ನು ಕಡಿಮೆ ಮಾಡುತ್ತದೆ. ಇದನ್ನು ಮೊದಲ ಸಲ ಮಾಡಿದಾಗ ಆಗುವ ಬದಲಾವಣೆ ನಂಬಲಾಗದ್ದು. ಅಷ್ಟು ಹೊತ್ತು ಕಿರುಚಾಡುತ್ತಿದ್ದ ದೋಣಿ ಒಮ್ಮೆಲೇ ತಣ್ಣಗಾಗುತ್ತದೆ. ಒಬ್ಬರೇ ಇರುವವರಿಗೆ ಊಟ, ನಿದ್ದೆ ಸಿಗುವುದು ಇದರಲ್ಲೇ. ಗಂಟೆಗೆ ಎರಡು ಮೈಲಿ ಜಾರಿದರೆ ದಿನಕ್ಕೆ 48 ಮೈಲಿ ಆಯಿತು, ಅಷ್ಟು ಜಾಗ ಬೇಕು. ಉದ್ದ ಕೀಲ್ (ದೋಣಿಯ ತಳದಲ್ಲಿ ನೀರಿನೊಳಗೆ ಚಾಚಿರುವ ಭಾರದ ಭಾಗ) ಇರುವ ದೊಡ್ಡ ತೂಕದ ದೋಣಿಗಳು ಹೀಗೆ ಚೆನ್ನಾಗಿ ನಿಲ್ಲುತ್ತವೆ. ಹೊಸ ಹಗುರ ದೋಣಿಗಳು ಕೆಲವೊಮ್ಮೆ ಒಪ್ಪುವುದಿಲ್ಲ. ನಿಮ್ಮದು ಒಪ್ಪುತ್ತದೋ ಇಲ್ಲವೋ ಅನ್ನುವುದನ್ನು 20 ನಾಟ್ ಗಾಳಿಯಲ್ಲಿ, ಹಗಲಿನಲ್ಲಿ ಮಾಡಿ ನೋಡಿ.

ತೆರೆಗಳು ಇನ್ನೂ ದೊಡ್ಡದಾಗಿ ಒಡೆಯಲು ಶುರುವಾದರೆ ಹಿಂಬದಿ ಕೊಟ್ಟು ಓಡಬೇಕು. ಆದರೆ ವೇಗ ಜಾಸ್ತಿಯಾದರೆ ದೋಣಿ ತೆರೆಯ ಇಳಿಜಾರಿನಲ್ಲಿ ಜಾರಿ, ಮೂತಿ ಮುಂದಿನ ನೀರಿಗೆ ನೆಟ್ಟು, ಅಡ್ಡ ತಿರುಗಬಹುದು ಅಥವಾ ತಲೆಕೆಳಗಾಗಬಹುದು. ದೋಣಿಯ ಹಿಂದೆ ನೀರಿನಲ್ಲಿ ಎಳೆದುಕೊಂಡು ಬರುತ್ತಾ ಆ ವೇಗಕ್ಕೆ ಕಡಿವಾಣ ಹಾಕುವುದೇ ಡ್ರೋಗ್. ಡೊನಾಲ್ಡ್ ಜೋರ್ಡಾನ್ ಅನ್ನುವ ಅಮೆರಿಕದ ವಿಮಾನ ಎಂಜಿನಿಯರ್ ಉದ್ದ ಹಗ್ಗಕ್ಕೆ ನೂರಕ್ಕೂ ಹೆಚ್ಚು ಚಿಕ್ಕ ಬಟ್ಟೆ ಶಂಕುಗಳನ್ನು ಪೋಣಿಸಿ, ತುದಿಗೆ ಭಾರ ಕಟ್ಟಿದ ಒಂದು ಬಗೆಯನ್ನು ರೂಪಿಸಿದರು. ಹಿಂಬದಿಯ ಎರಡೂ ಮೂಲೆಗೆ ಕಟ್ಟಿ ನೀರಿಗೆ ಬಿಟ್ಟರೆ ಒಂದಲ್ಲ ಒಂದಷ್ಟು ಶಂಕುಗಳು ಯಾವಾಗಲೂ ನೀರು ಹಿಡಿದೇ ಇರುತ್ತವೆ. ಚುಕ್ಕಾಣಿಯ ಹತ್ತಿರ ಕೂರುವ ಅಗತ್ಯವಿಲ್ಲದ್ದರಿಂದ ಒಂಟಿ ನಾವಿಕರಿಗೆ ಇದು ಬಹಳ ಇಷ್ಟ. ವಾಪಸ್ ಎಳೆದುಕೊಳ್ಳುವುದಕ್ಕೆ ಮಾತ್ರ ಗಂಟೆಗಟ್ಟಲೆ ಬೆವರು ಸುರಿಸಬೇಕು. ಕಟ್ಟುವ ಹಗ್ಗ, ಕೊಂಡಿ ಎರಡೂ ದೋಣಿಯ ತೂಕವನ್ನೇ ತಡೆಯುವಷ್ಟು ಗಟ್ಟಿ ಇರಲಿ. 2018ರ ಡಿಸೆಂಬರ್‌ನಲ್ಲಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್‌ನ ಪಶ್ಚಿಮಕ್ಕೆ, ಒಬ್ಬರೇ ಭೂಮಿ ಸುತ್ತಲು ಹೊರಟಿದ್ದ ಬ್ರಿಟನ್ನಿನ ಸೂಸಿ ಗುಡಾಲ್ ಅವರ ದೋಣಿಯ ಡ್ರೋಗ್ ಹಗ್ಗ ತುಂಡಾಯಿತು. ದೋಣಿ ತಲೆಕೆಳಗಾಗಿ, ಹಾಯಿಕಂಬ ಮುರಿಯಿತು. ಎರಡು ದಿನದ ಮೇಲೆ ಸರಕು ಹಡಗೊಂದು ಅವರನ್ನು ಎತ್ತಿಕೊಂಡಿತು.

ದೋಣಿ ಮಗುಚಿದರೆ ಎಲ್ಲ ಮುಗಿಯಿತಾ?

ಇಲ್ಲ. ಕೀಲ್ ಗಟ್ಟಿಯಾಗಿದ್ದರೆ ಹಾಯಿದೋಣಿ ಸಾಮಾನ್ಯವಾಗಿ ಮತ್ತೆ ಎದ್ದು ನಿಲ್ಲುತ್ತದೆ. ಆದರೆ ಆ ಕೆಲವು ಕ್ಷಣಗಳಲ್ಲಿ ಕ್ಯಾಬಿನ್‌ನೊಳಗೆ ಕಟ್ಟದೇ ಇಟ್ಟದ್ದೆಲ್ಲ ಗುಂಡಿನಂತೆ ಹಾರುತ್ತದೆ. ಬ್ಯಾಟರಿ, ಒಲೆ, ನೆಲದ ಹಲಗೆ, ಡಬ್ಬಿ ಎಲ್ಲವನ್ನೂ ಬಿಗಿದು ಕಟ್ಟಿ. ಕ್ಯಾಬಿನ್ ಬಾಗಿಲ ಹಲಗೆಗಳಿಗೂ ಹಗ್ಗ ಇರಲಿ, ಇಲ್ಲದಿದ್ದರೆ ಮೊದಲು ತೇಲಿಹೋಗುವುದು ಅವೇ.

ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ 2013ರಲ್ಲೇ ಮಾದೇಯಿ ದೋಣಿಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬಂದವರು. ಹಾಗೆ ಸುತ್ತಿದ ಮೊದಲ ಭಾರತೀಯ ಅವರೇ. 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಒಬ್ಬರೇ ನಿಲ್ಲದೆ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯ ನಡುವೆ ಅವರ ತುರಿಯಾ ದೋಣಿ ಉರುಳಿತು. ಕಂಬ ಮುರಿಯಿತು, ಬೆನ್ನುಮೂಳೆಗೆ ಏಟಾಯಿತು. ಏಳಲಾಗದೆ ಮಲಗಿದ್ದವರು ಸಂದೇಶ ಮಾತ್ರ ಕಳಿಸಿದರು. ಮೂರು ದಿನದ ನಂತರ ಫ್ರಾನ್ಸಿನ ಒಸಿರಿಸ್ ಹಡಗು ಅವರನ್ನು ಎತ್ತಿಕೊಂಡಿತು. ಅಷ್ಟು ಅನುಭವ ಇದ್ದವರಿಗೇ ಹಾಗಾಯಿತು. ಬೆನ್ನಿಗೆ ಶಸ್ತ್ರಚಿಕಿತ್ಸೆ ಆದ ಅದೇ ಮನುಷ್ಯ ಮುಂದಿನ ಸ್ಪರ್ಧೆಗೆ ಹೋಗಿ 2023ರಲ್ಲಿ ಎರಡನೆಯವರಾಗಿ ಮುಗಿಸಿದರು. ಈ ಎರಡೂ ಸಂಗತಿಗಳನ್ನು ನಾನು ಒಟ್ಟಿಗೇ ನೆನಪಿಸಿಕೊಳ್ಳುತ್ತೇನೆ.

ಹಾಯಿಕಂಬ ಸಿಡಿಲನ್ನು ಕರೆಯುತ್ತದಾ?

ದೂರದಿಂದ ಕರೆಯುವುದಿಲ್ಲ. ಆದರೆ ನಿಮ್ಮ ತಲೆಯ ಮೇಲೆಯೇ ಇಳಿಯುತ್ತಿರುವ ಸಿಡಿಲಿಗೆ ಸುತ್ತ ಹತ್ತಾರು ಮೈಲಿಯಲ್ಲಿ ಎತ್ತರದ ವಸ್ತು ಅಂದರೆ ಅದೊಂದೇ. ಭೂಮಿಗೆ ಹೋಲಿಸಿದರೆ ಕಡಲಿನ ಮೇಲೆ ಮಿಂಚು ಬಹಳ ಕಡಿಮೆ, ಹತ್ತರಲ್ಲಿ ಒಂದು ಪಾಲು ಅನ್ನಬಹುದು. ಒಂದು ಕುತೂಹಲದ ವಿಷಯ: ಶ್ರೀಲಂಕಾದ ಕೆಳಗಿಂದ ಮಲಕ್ಕಾ ಕಡೆ ಹೋಗುವ ಹಡಗುದಾರಿಯ ಮೇಲೆ ಅಕ್ಕಪಕ್ಕದ ಕಡಲಿಗಿಂತ ಸುಮಾರು ಎರಡು ಪಟ್ಟು ಮಿಂಚು ಇದ್ದದ್ದನ್ನು ವಿಜ್ಞಾನಿಗಳು 2017ರಲ್ಲಿ ತೋರಿಸಿದರು. ಹಡಗಿನ ಹೊಗೆಯ ಕಣಗಳು ಮೋಡವನ್ನು ಬದಲಿಸುತ್ತವೆ ಅನ್ನುವುದು ಅವರ ವಿವರಣೆ. 2020ರಲ್ಲಿ ಹಡಗಿನ ಇಂಧನದ ಗಂಧಕವನ್ನು ಕಡಿಮೆ ಮಾಡಿದ ಮೇಲೆ ಅಲ್ಲಿ ಮಿಂಚೂ ಇಳಿಯಿತು.

ಸಿಡಿಲು ಬಡಿಯದ ಹಾಗೆ ಮಾಡುವ ಉಪಕರಣ ಅಂತ ಮಾರುವವರನ್ನು ನಾನು ನಂಬುವುದಿಲ್ಲ. ನಾವು ಮಾಡಬಹುದಾದದ್ದು ಬಡಿದ ಸಿಡಿಲಿಗೆ ನೀರಿಗೆ ಇಳಿಯುವ ನೇರ ದಾರಿ ಕೊಡುವುದು. ಕಂಬದ ಬುಡದಿಂದ ದಪ್ಪ ತಾಮ್ರದ ತಂತಿ, ಕಡಿಮೆ ಅಂದರೂ 21 ಚದರ ಮಿಲಿಮೀಟರ್ ಗಾತ್ರದ್ದು, ಎಲ್ಲೂ ಚೂಪಾಗಿ ಬಾಗದೆ ಲೋಹದ ಕೀಲ್‌ಗೆ ಅಥವಾ ನೀರಿನೊಳಗಿನ ಒಂದು ಚದರ ಅಡಿಯ ತಾಮ್ರದ ತಗಡಿಗೆ ಸೇರಬೇಕು. ದಾರಿ ಇಲ್ಲದಿದ್ದರೆ ಸಿಡಿಲು ತಾನೇ ದಾರಿ ಮಾಡಿಕೊಳ್ಳುತ್ತದೆ. ಕಂಬದಿಂದ ಪಕ್ಕಕ್ಕೆ ಹಾರಿ, ಫೈಬರ್ ಒಡಲಿನಲ್ಲಿ ತೂತು ಕೊರೆದು ಹೋಗುತ್ತದೆ. ಇದು ಹಳೆಯ ತಿಳಿವಳಿಕೆ. ವಿಲಿಯಂ ಸ್ನೋ ಹ್ಯಾರಿಸ್ ರೂಪಿಸಿದ ತಾಮ್ರದ ಪಟ್ಟಿಗಳನ್ನು 1831ರಲ್ಲಿ ಹೊರಟ ಬೀಗಲ್ ಹಡಗಿನ ಕಂಬಗಳಿಗೆ ಹಾಕಿದ್ದರು. ಡಾರ್ವಿನ್ ಹೋದ ಹಡಗು ಅದು. ಸಿಡಿಲು ಬಡಿದರೂ ಹಡಗಿಗೆ ಏನೂ ಆಗಲಿಲ್ಲ.

ಗುಡುಗು ಕೇಳಿದಾಗ ನಾನು ಏನು ಮಾಡಬೇಕು?

ಮಿಂಚು ಕಂಡ ಕೂಡಲೇ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಎಣಿಸುವಷ್ಟರಲ್ಲಿ ಗುಡುಗಿದರೆ ಹತ್ತು ಕಿಲೋಮೀಟರ್ ಒಳಗಿದೆ, ಅಷ್ಟರಲ್ಲಿ ಹಾಯಿಯ ಕೆಲಸ ಮುಗಿದಿರಬೇಕು. ಗುಡುಗಿನ ಮೋಡದ ಕೆಳಗೆ ಗಾಳಿಯೂ ಜೋರಾಗಿಯೇ ಬರುತ್ತದೆ. ಆಮೇಲೆ ಚುಕ್ಕಾಣಿಯನ್ನು ವಿಂಡ್‌ವೇನ್‌ಗೆ (ಗಾಳಿಯ ದಿಕ್ಕು ಹಿಡಿದು ತಾನೇ ಚುಕ್ಕಾಣಿ ತಿರುಗಿಸುವ ಸಾಧನ) ಒಪ್ಪಿಸಿ ಕ್ಯಾಬಿನ್‌ಗೆ ಇಳಿಯಿರಿ. ಕಂಬದಿಂದ, ಕಂಬವನ್ನು ಹಿಡಿದಿರುವ ತಂತಿಗಳ ಬುಡದಿಂದ ಎರಡು ಮೀಟರ್ ದೂರ, ಒಣ ಬಟ್ಟೆಯಲ್ಲಿ ಕೂರಿ. ಹೊರಗೆ ಇರಲೇಬೇಕಾದರೆ ಎರಡು ಲೋಹವನ್ನು ಎರಡು ಕೈಯಲ್ಲಿ ಒಟ್ಟಿಗೆ ಹಿಡಿಯಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಕಂಬದ ತುದಿಯಲ್ಲಿ ನೀಲಿ ಬೆಳಕು ಕಂಡರೆ, ತಂತಿಗಳು ಸುಯ್ ಅಂದರೆ, ಮೈಕೂದಲು ನೆಟ್ಟಗಾದರೆ ಲೋಹದಿಂದ ಆ ಕ್ಷಣವೇ ದೂರ ಸರಿಯಿರಿ.

ಜಿಪಿಎಸ್, ಫೋನನ್ನು ಓವನ್‌ನಲ್ಲಿ ಇಡಬೇಕು ಅನ್ನುತ್ತಾರೆ, ನಿಜವಾ?

ಹೌದು, ಎಷ್ಟೋ ನಾವಿಕರು ಹಾಗೆ ಮಾಡುತ್ತಾರೆ. ನಾಲ್ಕೂ ಕಡೆ ಲೋಹ ಇರುವ ಪೆಟ್ಟಿಗೆ ಒಳಗಿನ ವಸ್ತುವನ್ನು ಕಾಪಾಡುತ್ತದೆ. ಖಾತ್ರಿ ಇಲ್ಲ, ಆದರೆ ಖರ್ಚೂ ಇಲ್ಲ. ಕೈಯಲ್ಲಿ ಹಿಡಿಯುವ ಒಂದು ರೇಡಿಯೋ, ಒಂದು ಜಿಪಿಎಸ್, ಒಂದು ಟಾರ್ಚ್ ಅದರೊಳಗೆ ಇರಲಿ. ಒಲೆ ಹಚ್ಚುವ ಮೊದಲು ತೆಗೆಯಲು ನೆನಪಿರುವಂತೆ ಗುಂಡಿಗೆ ಒಂದು ಬಟ್ಟೆ ಕಟ್ಟಿ. ದೊಡ್ಡ ಉಪಕರಣಗಳ ಆಂಟೆನಾ ಮತ್ತು ವಿದ್ಯುತ್ ತಂತಿಗಳನ್ನು ಕಿತ್ತಿಡಿ. ಜತೆಗೆ ಕಾಗದದ ನಕ್ಷೆ ಬೇಕೇ ಬೇಕು.

ಸ್ಯಾಟಲೈಟ್ ಫೋನ್ ವಿಷಯದಲ್ಲಿ ಎಚ್ಚರ. ಇರಿಡಿಯಂ, ತುರಾಯಾ ಫೋನ್‌ಗಳನ್ನು ಭಾರತದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ಹೊರಡುವ ಮೊದಲೇ ಕಾಗದ ಪತ್ರ ಸರಿ ಮಾಡಿಕೊಳ್ಳಿ.

ಸಿಡಿಲು ಬಡಿದೇಬಿಟ್ಟರೆ?

ನಿಮಗೆ ಪ್ರಜ್ಞೆ ಇದೆ ಅಂದರೆ ಮೊದಲು ನೆಲದ ಹಲಗೆ ಎತ್ತಿ ನೀರು ನೋಡಿ. ನೀರು ಒಳಬರುವ ಕೊಳವೆಗಳ ಸುತ್ತ ಬೆರಳಾಡಿಸಿ. ಅವು ಒಡೆದಿದ್ದರೆ ಬಡಿಯಲು ಮೆತ್ತನೆ ಮರದ ಬಿರಡೆಗಳನ್ನು ಪ್ರತಿ ಕೊಳವೆಯ ಪಕ್ಕದಲ್ಲೇ ಕಟ್ಟಿಟ್ಟಿರಬೇಕು. ಆಮೇಲೆ ಸುಟ್ಟ ವಾಸನೆ ಇದೆಯಾ, ಬ್ಯಾಟರಿ, ವಿದ್ಯುತ್ ತಂತಿಗಳು ಸರಿ ಇವೆಯಾ ನೋಡಿ. ದಿಕ್ಸೂಚಿಯನ್ನು ನಂಬಬೇಡಿ. ಸಿಡಿಲಿನ ಕಾಂತಶಕ್ತಿಯಿಂದ ಅದು ತಪ್ಪು ದಿಕ್ಕು ತೋರಿಸಬಹುದು, ಸೂರ್ಯನನ್ನೋ ಜಿಪಿಎಸ್ಸನ್ನೋ ನೋಡಿ ತಾಳೆ ಹಾಕಿ. ಕಂಬದ ತಂತಿಗಳನ್ನು ಬೆಳಕಾದ ಮೇಲೆ ಒಂದೊಂದಾಗಿ ಪರೀಕ್ಷಿಸುವವರೆಗೂ ಹಾಯಿ ಚಿಕ್ಕದೇ ಇರಲಿ.

ಲೈಫ್‌ರಾಫ್ಟ್‌ಗೆ ಯಾವಾಗ ಹತ್ತಬೇಕು?

ದೋಣಿ ನಿಜವಾಗಿ ಮುಳುಗುವಾಗ ಮಾತ್ರ. 1979ರಲ್ಲಿ ಬ್ರಿಟನ್ನಿನ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಯ ಬಿರುಗಾಳಿಯಲ್ಲಿ 15 ಸ್ಪರ್ಧಿಗಳು ಸತ್ತರು. 24 ದೋಣಿಗಳನ್ನು ಜನ ಬಿಟ್ಟು ಹೋದರು. ಅವುಗಳಲ್ಲಿ ಮುಳುಗಿದ್ದು ಐದೇ, ಮಿಕ್ಕವು ಆಮೇಲೆ ತೇಲುತ್ತಾ ಸಿಕ್ಕವು. ಕಂಬ ಮುರಿದು, ಮೊಣಕಾಲುದ್ದ ನೀರು ತುಂಬಿದ ದೋಣಿಯೂ ರಬ್ಬರ್ ತೆಪ್ಪಕ್ಕಿಂತ ಎಷ್ಟೋ ಮೇಲು, ಹುಡುಕುವ ವಿಮಾನಕ್ಕೂ ಬೇಗ ಕಾಣುತ್ತದೆ. 1997ರಲ್ಲಿ ಬ್ರಿಟನ್ನಿನ ಒಂಟಿ ನಾವಿಕ ಟೋನಿ ಬುಲಿಮೋರ್ ಕೀಲ್ ಮುರಿದು ತಲೆಕೆಳಗಾದ ದೋಣಿಯ ಹೊಟ್ಟೆಯೊಳಗೇ ನಾಲ್ಕು ದಿನ ಕೂತು, ಆಸ್ಟ್ರೇಲಿಯಾ ನೌಕಾಪಡೆ ಬಂದಾಗ ಈಜಿ ಹೊರಬಂದರು.

ಎಪಿರ್ಬ್ ಅನ್ನುವ ಸಂಕಟದ ಬೀಕನ್ ಮೈಗೇ ಹತ್ತಿರ ಇರಲಿ. ಅದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗು ಹಾಕುತ್ತದೆ. ಭಾರತದ ಪಾಲಿನ ಆ ಕೂಗು ಬಂದು ಸೇರುವುದು ನಮ್ಮ ಬೆಂಗಳೂರಿಗೇ, ಇಸ್ರೋದ ಇಸ್ಟ್ರ್ಯಾಕ್‌ನಲ್ಲಿರುವ ನಿಯಂತ್ರಣ ಕೇಂದ್ರಕ್ಕೆ. ಅಲ್ಲಿಂದ ಕರಾವಳಿ ಕಾವಲು ಪಡೆಗೆ ಸುದ್ದಿ ಹೋಗುತ್ತದೆ. ಬೀಕನ್ ಅನ್ನು ನಿಮ್ಮ ಹೆಸರಿನಲ್ಲಿ ನೋಂದಾಯಿಸಿ, ಮನೆಯವರ ಫೋನ್ ನಂಬರ್ ಕೊಡಿ. ಒಮ್ಮೆ ಹಚ್ಚಿದರೆ ಆರಿಸಬೇಡಿ, ಬ್ಯಾಟರಿ 48 ಗಂಟೆ ಬಾಳುವ ಹಾಗೆ ಮಾಡಿರುತ್ತಾರೆ. ಮೊಬೈಲ್ ಸಿಗ್ನಲ್ ಸಿಗುವಷ್ಟು ದಡ ಹತ್ತಿರವಿದ್ದರೆ ಕಾವಲು ಪಡೆಯ ನಂಬರ್ 1554.

ನಿದ್ದೆ, ಊಟ ಹೇಗೆ?

ಗಾಳಿ ಏಳುವ ಮೊದಲು ಮಲಗಿ. ಹೊಟ್ಟೆ ತುಂಬಾ ಉಣ್ಣಿ. ಫ್ಲಾಸ್ಕಿನಲ್ಲಿ ಬಿಸಿ ಗಂಜಿ ಅಥವಾ ಸಾರು ತುಂಬಿಡಿ, ಅವಲಕ್ಕಿ, ಬೆಲ್ಲ, ಚಿಕ್ಕಿ ಕೈಗೆ ಸಿಗುವಲ್ಲಿ ಇಡಿ. ವಾಂತಿಯ ಮಾತ್ರೆಯನ್ನು ವಾಂತಿ ಶುರುವಾಗುವ ಮೊದಲೇ ನುಂಗಬೇಕು. ಬಿರುಗಾಳಿಯೊಳಗೆ 20 ನಿಮಿಷದ ತುಣುಕು ನಿದ್ದೆ. ದಿಗಂತದಲ್ಲಿ ಕಾಣದ ಹಡಗು ಸುಮಾರು ಅಷ್ಟೇ ಹೊತ್ತಿನಲ್ಲಿ ನಿಮ್ಮ ಮೇಲೆ ಬರಬಹುದು, ಅದಕ್ಕೆ ಆ ಲೆಕ್ಕ. ದೊಡ್ಡ ಸದ್ದಿನ ಅಲಾರಂ ಎರಡು ಇಟ್ಟುಕೊಳ್ಳಿ.

ಭಯ ಆಗುತ್ತದೆ, ಎಲ್ಲರಿಗೂ. ನನಗೆ ಸಹಾಯ ಮಾಡಿದ್ದು ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯುವುದು: ಒತ್ತಡ, ಗಾಳಿ, ದಿಕ್ಕು, ನಾನು ಏನು ತಿಂದೆ. ಅಕ್ಷರ ಸೊಟ್ಟಗಾಗುತ್ತಾ ಹೋದರೆ ಮಲಗುವ ಹೊತ್ತಾಯಿತು ಅಂತ ತಿಳಿಯುತ್ತೇನೆ.

ಬಿರುಗಾಳಿ ನಿಂತ ಮೇಲೆ ಕೂಡಲೇ ಹೊರಡಬಹುದಾ?

ಗಾಳಿ ನಿಂತರೂ ತೆರೆಗಳು ನಿಲ್ಲುವುದಿಲ್ಲ. ಗಾಳಿಯ ದಿಕ್ಕು ತಿರುಗಿದ ಮೇಲೆ ಹಳೆಯ ತೆರೆ ಒಂದು ಕಡೆಯಿಂದ, ಹೊಸದು ಇನ್ನೊಂದು ಕಡೆಯಿಂದ ಬಂದು ಗುದ್ದಾಡುತ್ತವೆ. ಕೆಲವು ಗಂಟೆ ಆ ಕಡಲು ಬಿರುಗಾಳಿಗಿಂತ ಕೆಟ್ಟದಾಗಿರುತ್ತದೆ. ಹಾಗೇ ಇರಲಿ, ಹೀವ್ ಟು ಬಿಚ್ಚಬೇಡಿ. ಬಿಸಿ ಏನಾದರೂ ಕುಡಿದು ಎರಡು ಗಂಟೆ ಮಲಗಿ. ಎದ್ದ ಮೇಲೆ ಹಗ್ಗಗಳು ಎಲ್ಲೆಲ್ಲಿ ಉಜ್ಜಿ ಸವೆದಿವೆ ಅಂತ ನೋಡಿ, ಸವೆದಲ್ಲಿ ಬಟ್ಟೆ ಸುತ್ತಿ, ಒದ್ದೆ ಹಾಸಿಗೆಯನ್ನು ಹೊರಗೆ ಹಾಕಿ. ಆಮೇಲೆ ಹಾಯಿ ಏರಿಸಿ.